ಸೈಕಲ್ ಗ್ರಿಪ್: ಮೆತ್ತಗಿದ್ದರಷ್ಟೇ ಸಾಲದು

ಪ್ರಶ್ನೆ: ನನ್ನದು ನೇರ ಹ್ಯಾಂಡಲ್‌ನ ಸೈಕಲ್. ಅರ್ಧ ಗಂಟೆ ತುಳಿಯುವಷ್ಟರಲ್ಲಿ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ದಪ್ಪ ಸ್ಪಂಜಿನ ಗ್ರಿಪ್ ಹಾಕಿದರೂ ಕಡಿಮೆಯಾಗಿಲ್ಲ. ಯಾವುದು ಕೊಳ್ಳಲಿ?

ಉತ್ತರ: ಆ ಎರಡು ಬೆರಳುಗಳಿಗೆ ಹೋಗುವ ಅಲ್ನಾರ್ ನರ ಅಂಗೈಯ ಬುಡದಲ್ಲಿ, ಕಿರುಬೆರಳಿನ ಬದಿಯಲ್ಲಿ ಹಾದುಹೋಗುತ್ತದೆ. ಉರುಟು ಗ್ರಿಪ್ ಮೇಲೆ ಭಾರ ಬಿಟ್ಟಾಗ ಒತ್ತಡ ಬೀಳುವುದೂ ಅಲ್ಲೇ. ಸ್ಪಂಜು ಎಷ್ಟೇ ದಪ್ಪವಿರಲಿ, ಭಾರಕ್ಕೆ ಅಪ್ಪಚ್ಚಿಯಾಗಿ ಒಳಗಿನ ಕೊಳವೆ ಕೈಗೆ ಒತ್ತತೊಡಗುತ್ತದೆ. ಮೇಲಾಗಿ ದಪ್ಪ ಗ್ರಿಪ್ಪನ್ನು ಬಿಗಿಯಾಗಿ ಹಿಡಿಯಬೇಕಾಗುವುದರಿಂದ ಬೆರಳು ಬೇಗ ಸೋಲುತ್ತವೆ.

ನಿಮಗೆ ಬೇಕಾದದ್ದು ಹೊರತುದಿ ರೆಕ್ಕೆಯಂತೆ ಅಗಲವಾಗಿ, ಚಪ್ಪಟೆಯಾಗಿರುವ ರಬ್ಬರ್ ಗ್ರಿಪ್. ಭಾರ ಇಡೀ ಅಂಗೈಗೆ ಹಂಚಿಹೋಗುತ್ತದೆ. ರೆಕ್ಕೆ ಜಾರಿ ತಿರುಗಿದರೆ ಉಪಯೋಗವಿಲ್ಲ, ಆದ್ದರಿಂದ ಬೋಲ್ಟಿನಿಂದ ಬಿಗಿಯುವ ಲಾಕ್-ಆನ್ ಬಗೆಯದನ್ನೇ ಆರಿಸಿ. ನೇರ ಹ್ಯಾಂಡಲ್ ತುದಿಯ ಹೊರವ್ಯಾಸ ಸಾಮಾನ್ಯವಾಗಿ 22.2 ಮಿ.ಮೀ., ಗ್ರಿಪ್ ಅದಕ್ಕೆ ಹೊಂದಬೇಕು. ಗೇರ್ ಬದಲಿಸಲು ಹಿಡಿಯನ್ನೇ ತಿರುಗಿಸುವ ಸೈಕಲ್ ಆದರೆ ಆ ಬದಿಗೆ ಗಿಡ್ಡ ಗ್ರಿಪ್ ಬೇಕು, ಅಳೆದು ಕೊಳ್ಳಿ.

ಕೂರಿಸುವಾಗ ಕೋನವೇ ಮುಖ್ಯ. ಬೋಲ್ಟನ್ನು ಸ್ವಲ್ಪ ಸಡಿಲ ಬಿಟ್ಟು, ಸೀಟಿನ ಮೇಲೆ ಕುಳಿತು, ಮೊಣಕೈ ತುಸು ಮಡಿಸಿ ಹಿಡಿಯಿರಿ. ಮುಂಗೈ ಮತ್ತು ಅಂಗೈ ಒಂದೇ ನೇರದಲ್ಲಿರುವಾಗ ರೆಕ್ಕೆ ಅಂಗೈಯ ಬುಡಕ್ಕೆ ಪೂರ್ತಿ ತಾಗಬೇಕು. ರೆಕ್ಕೆ ತೀರಾ ಮೇಲೆದ್ದರೆ ಮಣಿಕಟ್ಟು ಬಾಗುತ್ತದೆ, ತೀರಾ ಇಳಿದರೆ ಆಸರೆಯೇ ಸಿಗುವುದಿಲ್ಲ. ಗ್ರಿಪ್ ಮೇಲೆ ನಮೂದಿಸಿದ ಟಾರ್ಕ್‌ನಷ್ಟೇ (ಬೋಲ್ಟ್ ತಿರುಗಿಸುವ ಬಲದ ಅಳತೆ) ಬಿಗಿಯಿರಿ. ಮೊದಲೆರಡು ಸವಾರಿಯ ನಂತರ ಕೋನವನ್ನು ಕೂದಲೆಳೆಯಷ್ಟು ಬದಲಿಸಬೇಕಾಗಬಹುದು, ಬೋಲ್ಟ್ ತಿರುಗಿಸುವ ಅಲೆನ್ ಕೀ ಜೊತೆಗಿರಲಿ.

ಹಣ ಖರ್ಚು ಮಾಡುವ ಮುನ್ನ ಸೀಟು ನೋಡಿ. ಅದರ ಮೂತಿ ಕೆಳಗೆ ವಾಲಿದ್ದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಕೈಗೆ ಬೀಳುತ್ತದೆ. ಯಾವ ಗ್ರಿಪ್ಪೂ ಅದನ್ನು ಸರಿಪಡಿಸದು. ಸೈಕಲ್ ಇಳಿದ ಮೇಲೂ ಜೋಮು ಹೋಗದಿದ್ದರೆ ಅಥವಾ ಹಿಡಿತ ಸಡಿಲವಾದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಬೋಲ್ಟ್ ಇಲ್ಲದ ರಬ್ಬರ್ ಗ್ರಿಪ್ ಹಾಕಿದೆ. ಕೈಯಲ್ಲೇ ತಿರುಗುತ್ತಿದೆ, ಏಕೆ?

ಉತ್ತರ: ಕೂರಿಸಲು ಎಣ್ಣೆ ಅಥವಾ ಸೋಪುನೀರು ಹಚ್ಚಿರಬೇಕು. ಎಣ್ಣೆ ಆರುವುದಿಲ್ಲ, ಸೋಪು ಒಣಗಿದರೂ ನೀರು ಬಿದ್ದೊಡನೆ ಮತ್ತೆ ಜಾರುತ್ತದೆ. ಗ್ರಿಪ್ ಕಳಚಿ ಅದರ ಒಳಭಾಗವನ್ನೂ ಹ್ಯಾಂಡಲನ್ನೂ ಚೆನ್ನಾಗಿ ಒರೆಸಿ, ಗ್ರಿಪ್ ಒಳಗೆ ಐಸೊಪ್ರೊಪೈಲ್ ಆಲ್ಕೊಹಾಲ್ (ಬೇಗ ಆರುವ ಸ್ಪಿರಿಟ್) ಸವರಿ ಒಂದೇ ಸಲಕ್ಕೆ ತಳ್ಳಿ. ಅದು ಆವಿಯಾಗುತ್ತಿದ್ದಂತೆ ರಬ್ಬರ್ ಕಚ್ಚಿಕೊಳ್ಳುತ್ತದೆ. ರಾತ್ರಿಯಿಡೀ ಬಿಟ್ಟು ಸವಾರಿ ಮಾಡಿ. ಆಗಲೂ ತಿರುಗಿದರೆ ರಬ್ಬರ್ ಹಿಗ್ಗಿದೆ, ಬದಲಿಸಿ: ಬ್ರೇಕ್ ಹಿಡಿಯುವ ಹೊತ್ತಿಗೆ ಕಳಚಿ ಬಂದರೆ ಬೀಳುವುದು ಖಂಡಿತ.