ಪ್ರಾರ್ಥನಾ ಪುಸ್ತಕ ಒಂದೇ ಆದರೆ ಸಾಕೇ?

ನಮಸ್ಕಾರ. ಅಮೆರಿಕದ ಸಾಂಪ್ರದಾಯಿಕ ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ ಪರಂಪರೆಯ) ಸಭೆಗಳಲ್ಲಿ ಹೆಚ್ಚಿನವು ಆರಾಧನೆಗೆ 1928ರ ಪ್ರಾರ್ಥನಾ ಪುಸ್ತಕವನ್ನೇ ಹಿಡಿದಿರುವಾಗ ಒಂದಾಗಲು ಇನ್ನೇನು ಬೇಕು ಎಂದು ಕೇಳಿದ್ದೀರಿ. ಪುಸ್ತಕ ಒಂದೇ ಇದ್ದರೆ ಸಾಲದು, ಅದನ್ನು ಓದುವವರ ನಂಬಿಕೆಯೂ ಒಂದಾಗಬೇಕು.

ಒಂದಾಗಲು ಬೇಕಾದ ಕನಿಷ್ಠ ಅಡಿಪಾಯವನ್ನು ಹೇಳಿದ್ದು ಆಂಗ್ಲಿಕನ್ ಬಿಷಪರು ಸೇರುವ ಲ್ಯಾಂಬೆತ್ ಸಮ್ಮೇಳನ, 1888ರಲ್ಲಿ: ಸತ್ಯವೇದ, ಅಪೊಸ್ತಲರ ಮತ್ತು ನೈಸಿಯದ ವಿಶ್ವಾಸಪ್ರಮಾಣಗಳು, ದೀಕ್ಷಾಸ್ನಾನ ಮತ್ತು ಕರ್ತನ ಭೋಜನ, ಪರಂಪರೆಯಿಂದ ಬಂದ ಬಿಷಪ್ ಪದವಿ. 1947ರಲ್ಲಿ ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಕಟ್ಟಿದಾಗಲೂ ಮಾತುಕತೆಗೆ ಆಧಾರವಾದದ್ದು ಇದೇ ನಾಲ್ಕು.

ಆದರೆ ನೀವು ಕೇಳುತ್ತಿರುವ ಸಭೆಗಳಿಗೆ ಇಷ್ಟು ಸಾಲದು. 1976ರಲ್ಲಿ ಅಮೆರಿಕದ ಮುಖ್ಯ ಆಂಗ್ಲಿಕನ್ ಸಭೆಯಾದ ಎಪಿಸ್ಕೋಪಲ್ ಸಭೆ ಮಹಿಳೆಯರಿಗೆ ಪಾದ್ರಿ ದೀಕ್ಷೆ ಕೊಡಲು ಒಪ್ಪಿದ ಮೇಲೆ ಹೊರಬಂದವರು 1977ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಸೇರಿ ಒಂದು ಘೋಷಣೆ ಹೊರಡಿಸಿದರು. ಏಳು ಸಂಸ್ಕಾರಗಳು, ಪ್ರಾಚೀನ ಕ್ರೈಸ್ತ ಸಭೆಯ ಏಳು ಸಾರ್ವತ್ರಿಕ ಮಹಾಸಭೆಗಳ ತೀರ್ಮಾನ, ಪುರುಷರಿಗೆ ಮಾತ್ರ ದೀಕ್ಷೆ ಎಂಬುದು ಅದರಲ್ಲಿದೆ. ಇಲ್ಲೇ ಗಂಟು. ಇಂಗ್ಲೆಂಡಿನ ಸಭೆಯ ಹಳೆಯ ಬೋಧನಾಸೂತ್ರಗಳಾದ ಮೂವತ್ತೊಂಬತ್ತು ವಿಧಿಗಳನ್ನು ಬಿಗಿಯಾಗಿ ಹಿಡಿದವರಿಗೆ ಸುವಾರ್ತೆಯ ಸಂಸ್ಕಾರಗಳು ಎರಡೇ, ದೀಕ್ಷಾಸ್ನಾನ ಮತ್ತು ಕರ್ತನ ಭೋಜನ. ನೈಸಿಯದ ಪ್ರಮಾಣ ಹೇಳುವಾಗ ‘ಮನುಷ್ಯನಾದನು’ ಎಂಬಲ್ಲಿ ಒಬ್ಬರು ಮೊಣಕಾಲೂರುತ್ತಾರೆ, ಪಕ್ಕದವರು ನಿಂತೇ ಇರುತ್ತಾರೆ. ಇಂಥ ಆಚಾರಭೇದಕ್ಕೆ ಸಭೆ ಒಡೆಯಬಾರದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಯಾರಿಗೆ ದೀಕ್ಷೆ ಕೊಡಬಹುದು ಎಂಬುದು ಬೇರೆ ಮಾತು. ಒಬ್ಬರ ಪಾದ್ರಿಯನ್ನು ಇನ್ನೊಬ್ಬರು ಒಪ್ಪದಿದ್ದರೆ ಒಟ್ಟಿಗೆ ರೊಟ್ಟಿ ಮುರಿಯುವುದು ಹೇಗೆ?

ಹಾಗಂತ ನಿರಾಶರಾಗಬೇಡಿ. 2017ರ ಅಕ್ಟೋಬರ್‌ನಲ್ಲಿ ಅಟ್ಲಾಂಟಾದಲ್ಲಿ ಇಂಥ ನಾಲ್ಕು ಸಭೆಗಳು ಪೂರ್ಣ ಅನ್ಯೋನ್ಯತೆಯ, ಅಂದರೆ ಒಬ್ಬರ ಪಾದ್ರಿ ಮತ್ತು ಸಂಸ್ಕಾರಗಳನ್ನು ಇನ್ನೊಬ್ಬರು ಒಪ್ಪುವ, ಒಪ್ಪಂದಕ್ಕೆ ಸಹಿ ಹಾಕಿದವು. ಅವುಗಳನ್ನು ಹತ್ತಿರ ತಂದದ್ದು ಸೇಂಟ್ ಲೂಯಿಸ್ ಘೋಷಣೆಯೇ.