ಎಡಗೈಯಲ್ಲಿ ಬರೆದ ಹೋಂವರ್ಕ್

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಖಾಸಗಿ ಶಾಲೆ, ಕನ್ನಡ ಮೀಡಿಯಂ, ನಾಲ್ಕನೇ ಕ್ಲಾಸು. ಹೋದ ವರ್ಷ ಪರೀಕ್ಷೆ ಮಾಡಿಸಿದಾಗ ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಲಿಯುವುದರಲ್ಲಿ ತೊಂದರೆ ಎಂದರು. ಬಾಯಲ್ಲಿ ಕೇಳಿದರೆ ಎಲ್ಲ ಹೇಳುತ್ತಾನೆ, ಬರೆಯಲು ಕೂತರೆ ಅಳು. ಸಂಜೆ ಆರೂವರೆಗೆ ಶುರುವಾದ ಹೋಂವರ್ಕ್ ಹತ್ತು ಗಂಟೆಯಾದರೂ ಮುಗಿಯುವುದಿಲ್ಲ. ಎರಡು ತಿಂಗಳಿಂದ ಅವನು ಮಲಗಿದ ಮೇಲೆ ನಾನೇ ಎಡಗೈಯಲ್ಲಿ, ಅವನ ಅಕ್ಷರದ ಥರ ಸೊಟ್ಟಗೆ ಬರೆದಿಡುತ್ತಿದ್ದೇನೆ. ಮಿಸ್‌ಗೆ ಗೊತ್ತಾಗಿಲ್ಲ. ಹೋದ ವಾರ ಸಿಟ್ಟು ತಡೆಯಲಾರದೆ ಹೊಡೆದೂಬಿಟ್ಟೆ. ‘ಸೋಮಾರಿ, ಎರಡು ಬಿಟ್ಟರೆ ಸರಿಹೋಗ್ತಾನೆ’ ಅಂತಾರೆ ಅತ್ತೆ. ನನ್ನ ಗಂಡ ಈ ವಿಷಯ ಬಂದರೆ ಎದ್ದು ಹೊರಗೆ ಹೋಗುತ್ತಾರೆ. ಟಿಸಿ ಕೊಟ್ಟು ಕಳಿಸಿಬಿಟ್ಟರೆ ಎಂಬ ಭಯಕ್ಕೆ ರಿಪೋರ್ಟನ್ನು ಶಾಲೆಗೆ ತೋರಿಸಿಲ್ಲ. ನಾನು ಮಾಡುತ್ತಿರುವುದು ಮೋಸವೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಎಡಗೈ ಎಂದು ಓದಿದಾಗ ಮೊದಲು ನಗು ಬಂತು ತಾಯಿ. ಆಮೇಲೆ ಹೊಟ್ಟೆಯಲ್ಲಿ ಸಂಕಟವಾಯಿತು. ರಾತ್ರಿ ಹತ್ತರ ಮೇಲೆ ಪಾತ್ರೆ ತೊಳೆದು, ಬಾಗಿಲು ಹಾಕಿ, ಅಭ್ಯಾಸವಿಲ್ಲದ ಕೈಯಲ್ಲಿ ಪೆನ್ಸಿಲ್ ಹಿಡಿದು ಕೂತ ನಿಮ್ಮನ್ನು ನೆನೆದೆ.

ಮೋಸ ಹೌದು. ಆದರೆ ಅದರಿಂದ ಶಾಲೆಗೇನೂ ನಷ್ಟವಿಲ್ಲ, ಆಗುತ್ತಿರುವುದೆಲ್ಲ ನಿಮ್ಮ ಮಗನಿಗೆ. ತುಂಬಿದ ಪುಸ್ತಕ ನೋಡಿ ಮಿಸ್, ಹುಡುಗ ಪರವಾಗಿಲ್ಲ ಅಂದುಕೊಂಡು ಮರುದಿನವೂ ಅಷ್ಟೇ ಕೊಡುತ್ತಾರೆ. ಬೆಳಿಗ್ಗೆ ಪುಸ್ತಕ ತೆರೆದವನಿಗೆ ತಾನು ಬರೆಯದ ಪುಟ ಕಾಣುತ್ತದೆ. ಅವನಿಗೆ ಗೊತ್ತಾಗಲ್ಲ ಅಂದುಕೊಂಡಿದ್ದೀರಾ? ಒಂಬತ್ತು ವರ್ಷದವರಿಗೆ ಇಂಥದ್ದೆಲ್ಲ ಚೆನ್ನಾಗಿಯೇ ಗೊತ್ತಾಗುತ್ತದೆ.

ಹಾಗಂತ ಬರೆದುಕೊಡುವುದನ್ನೇ ಬಿಡಿ ಎನ್ನುತ್ತಿಲ್ಲ. ಕದ್ದು ಬರೆಯುವುದನ್ನು ಬಿಡಿ. ಪೆನ್ನನ್ನು ಬಲಗೈಗೆ ತೆಗೆದುಕೊಳ್ಳಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪರಿಸರ ಅಧ್ಯಯನದಲ್ಲಿ ‘ನೀರಿನ ಮೂಲಗಳು ಯಾವುವು?’ ಎಂದಿದೆ ಅನ್ನಿ. ಅವನು ‘ಮಳೆ, ಬಾವಿ, ಬೋರು, ಆಮೇಲೆ ನಮ್ಮೂರಿಗೆ ಭದ್ರಾ ಚಾನಲ್ಲು’ ಅನ್ನುತ್ತಾನೆ. ಹಾಗೇ ಬರೆಯಿರಿ. ನಿಮ್ಮ ಮಾತು ಸೇರಿಸಬೇಡಿ, ತಿದ್ದಿ ಚೆಂದ ಮಾಡಬೇಡಿ. ಕೆಳಗೆ ‘ಅವನು ಹೇಳಿದ್ದು, ನಾನು ಬರೆದದ್ದು – ಅಮ್ಮ’ ಎಂದು ಹಾಕಿ. ದೊಡ್ಡ ಪರೀಕ್ಷೆಗಳಲ್ಲಿ ಇಂಥ ಮಕ್ಕಳಿಗೆ ಬರೆದುಕೊಡಲು ಇನ್ನೊಬ್ಬರನ್ನು ಕೂರಿಸುವ ಪದ್ಧತಿ ಇದೆಯಲ್ಲ, ಇದೂ ಅದೇ.

ಯಾವುದನ್ನು ನೀವು ಬರೆಯಬೇಕು, ಯಾವುದನ್ನು ಅವನು? ಆ ಹೋಂವರ್ಕ್ ಕೊಟ್ಟಿದ್ದು ಯಾಕೆ ಅಂತ ಕೇಳಿಕೊಳ್ಳಿ. ವಿಷಯ ಗೊತ್ತಿದೆಯಾ ನೋಡಲು ಕೊಟ್ಟಿದ್ದಾದರೆ ಅವನು ಹೇಳಲಿ, ನೀವು ಬರೆಯಿರಿ. ಅಕ್ಷರ ಕಲಿಯಲು ಕೊಟ್ಟಿದ್ದಾದರೆ ಅವನೇ ಬರೆಯಬೇಕು, ಆದರೆ ಶುದ್ಧ ಬರಹ ಒಂದು ಪುಟದ ಬದಲು ನಾಲ್ಕು ಸಾಲು. ಲೆಕ್ಕಕ್ಕೆ ಚೌಕುಳಿ ಪುಸ್ತಕ ತಂದುಕೊಡಿ. ಒಂದು ಮನೆಗೆ ಒಂದೇ ಅಂಕಿ ಬಂದರೆ ಬಿಡಿಸ್ಥಾನದ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು, ನೂರರ ಕೆಳಗೆ ನೂರು ನಿಲ್ಲುತ್ತವೆ. ಕೂಡುವುದು ಬಂದರೂ ಸಾಲು ಜಾರಿ ಉತ್ತರ ತಪ್ಪುವ ಮಕ್ಕಳು ಬೇಕಾದಷ್ಟಿದ್ದಾರೆ. ಗುಣಾಕಾರ ಮಾಡುವಾಗ ಮಗ್ಗಿ ಚಾರ್ಟ್ ಪಕ್ಕದಲ್ಲಿರಲಿ, ನೋಡಿಕೊಂಡೇ ಮಾಡಲಿ. ಮಗ್ಗಿ ಬಾಯಿಪಾಠ ಬೇರೆ ಹೊತ್ತಿನ ಕೆಲಸ.

ಇನ್ನು ‘ಸೋಮಾರಿ’ ಎಂಬ ಮಾತು. ನಮ್ಮ ಲಿಪಿಯನ್ನೇ ಒಮ್ಮೆ ಅವನ ಕಣ್ಣಿನಿಂದ ನೋಡಿ. ವ, ಮ, ಪ, ಷ, ಫ ಎಲ್ಲ ಒಂದೇ ಅಚ್ಚಿನಲ್ಲಿ ಎರೆದ ಹಾಗಿವೆ. ‘ಸ್ತ್ರೀ’ ಎಂಬ ಒಂದು ಅಕ್ಷರಕ್ಕೆ ತಲೆಯ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕಾಲ ಕೆಳಗೆ ಎರಡು ಒತ್ತು. ‘ಕರ್ನಾಟಕ’ದಲ್ಲಿ ರ್ ಸದ್ದು ‘ನಾ’ಕ್ಕಿಂತ ಮೊದಲು ಬರುತ್ತದೆ, ಬರೆಯುವಾಗ ಅರ್ಕಾವತ್ತು ‘ನಾ’ ಆದ ಮೇಲೆ! ನಮಗೆ ರೂಢಿಯಾಗಿ ಕಾಣುವುದಿಲ್ಲ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಸದ್ದನ್ನು ಗುರುತಿಗೆ ಜೋಡಿಸುವುದೇ ಕಷ್ಟ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ, ಏಟಿಗೂ ಇಲ್ಲ.

ಇದನ್ನು ನಾನು ತಡವಾಗಿ ಕಲಿತೆ. ಇಪ್ಪತ್ತೆಂಟು ವರ್ಷ ಪಾಠ ಹೇಳಿದವಳು ನಾನು. ಒತ್ತು ಬಿಡುತ್ತಿದ್ದ ಹುಡುಗನೊಬ್ಬನಿಗೆ ‘ಅಜ್ಜ’ ಎಂದು ನೂರು ಸಲ ಬರೆದುಕೊಂಡು ಬಾ ಅಂದೆ. ಮರುದಿನ ನೀಟಾಗಿ ಗೆರೆ ಹಾಕಿ, ನೂರು ಸಲ ‘ಅಜ’ ಬರೆದು ತಂದಿದ್ದ. ಬೇಕೆಂದೇ ಮಾಡಿದ್ದಾನೆ ಅಂತ ಅವನನ್ನು ಹೊರಗೆ ನಿಲ್ಲಿಸಿದೆ. ತಪ್ಪನ್ನೇ ನೂರು ಸಲ ಅಭ್ಯಾಸ ಮಾಡಿಸಿದ್ದು ನಾನು ಅಂತ ಹೊಳೆಯಲು ನನಗೆ ವರ್ಷಗಳೇ ಬೇಕಾದವು. ಈಗಲಾದರೆ ತಟ್ಟೆಯಲ್ಲಿ ತೆಳ್ಳಗೆ ರವೆ ಹರವಿ, ‘ಅ–ಜ್–ಜ’ ಎಂದು ಬಿಡಿಸಿ ಹೇಳುತ್ತಾ ಬೆರಳಲ್ಲಿ ಬರೆಸುತ್ತೇನೆ. ಒತ್ತು ಬಂದಾಗ ತೊಡೆಗೊಂದು ತಟ್ಟು. ಆಮೇಲೆ ಪುಸ್ತಕದಲ್ಲಿ ಮೂರೇ ಸಲ, ಒತ್ತು ಮಾತ್ರ ಕೆಂಪು ಪೆನ್ಸಿಲ್‌ನಲ್ಲಿ. ನೀವೂ ಮಾಡಿ ನೋಡಿ. ದಿನಕ್ಕೆ ಎರಡು ಪದ ಸಾಕು.

ಆರೂವರೆಯಿಂದ ಹತ್ತರವರೆಗೆ ಎಂದಿರಿ. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಮೂರರಿಂದ ಐದನೇ ಕ್ಲಾಸಿಗೆ ಹೋಂವರ್ಕ್ ವಾರಕ್ಕೆ 2 ಗಂಟೆ ಮೀರಬಾರದು. ದಿನಕ್ಕಲ್ಲ, ವಾರಕ್ಕೆ! ಯಾವ ಶಾಲೆ ಪಾಲಿಸುತ್ತದೋ ಬೇರೆ ಮಾತು. ನಿಮ್ಮ ಮನೆಯಲ್ಲಿ ನೀವು ಪೂರ್ತಿ ಅಲ್ಲದಿದ್ದರೂ ಅದರ ಹತ್ತಿರಕ್ಕಾದರೂ ಬರಬಹುದಲ್ವಾ? ಬಂದವನು ತಿಂಡಿ ತಿಂದು ಒಂದು ಗಂಟೆ ಆಡಲಿ. ಆಮೇಲೆ ಗಡಿಯಾರ ನೋಡಿ ಇಪ್ಪತ್ತು ನಿಮಿಷ, ಎದ್ದು ನೀರು ಕುಡಿದು ಬಂದು ಇನ್ನಿಪ್ಪತ್ತು. ಪ್ರಶ್ನೆಯನ್ನು ನೀವೇ ಓದಿ ಹೇಳಿ. ಅಷ್ಟಕ್ಕೆ ಮುಗಿಯದಿದ್ದರೆ ಪುಸ್ತಕ ಮುಚ್ಚಿ, ‘40 ನಿಮಿಷ ಕೂತಿದ್ದ, ಇಷ್ಟಾಯಿತು’ ಎಂದು ಡೈರಿಯಲ್ಲಿ ಬರೆದು ಸಹಿ ಮಾಡಿ.

ಈ ಸಹಿಗೆ ಬೆಲೆ ಬರಬೇಕಾದರೆ ರಿಪೋರ್ಟ್ ಶಾಲೆಗೆ ಹೋಗಲೇಬೇಕು. ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ಕಾನೂನು ನಿಮ್ಮ ಕಡೆ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಯಲ್ಲಿ ಕಲಿಕೆಯ ಈ ತೊಂದರೆಯೂ ಒಂದು. ಸರ್ಕಾರದ ಮಾನ್ಯತೆ ಇರುವ ಶಾಲೆ ಇದೇ ಕಾರಣಕ್ಕೆ ಮಗುವಿಗೆ ತಾರತಮ್ಯ ಮಾಡುವ ಹಾಗಿಲ್ಲ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರು, ಎರಡನೇ-ಮೂರನೇ ಭಾಷೆಯ ವಿನಾಯಿತಿ ಎಲ್ಲ ಆ ಕಾಯ್ದೆಯಲ್ಲೇ ಇದೆ. ಮುಂದೆ ಎಸ್‌ಎಸ್‌ಎಲ್‌ಸಿಯಲ್ಲಿ ಇವೆಲ್ಲ ಸಿಗಲು ಈ ತೊಂದರೆ ಇದೆ ಎಂಬ ಸರ್ಟಿಫಿಕೇಟ್ ಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ (ಎರಡೂ ಮಾನಸಿಕ ಆರೋಗ್ಯ ಸಂಸ್ಥೆಗಳು), ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ, ಇವುಗಳಲ್ಲಿ ಒಂದು ಕಡೆ ಈಗಲೇ ವಿಚಾರಿಸಿಟ್ಟುಕೊಳ್ಳಿ.

ಮಿಸ್ ಹತ್ತಿರ ಹೋಗುವಾಗ ಕಾಯ್ದೆ ಕೈಯಲ್ಲಿ ಹಿಡಿದು ಹೋಗಬೇಡಿ. ಗೇಟಿನ ಹತ್ತಿರ ಗಡಿಬಿಡಿಯಲ್ಲೂ ಬೇಡ. ಶನಿವಾರ ಹದಿನೈದು ನಿಮಿಷ ಕೇಳಿಕೊಳ್ಳಿ. ನೀವು ಎಡಗೈಯಲ್ಲಿ ಬರೆದ ಒಂದು ಪುಟ, ಅವನೇ ಬರೆದ ಒಂದು ಪುಟ, ಎರಡನ್ನೂ ಮುಂದಿಟ್ಟು ಇದ್ದದ್ದು ಹೇಳಿಬಿಡಿ. ಒಂದೆರಡು ಮಾತು ಅನ್ನಬಹುದು, ಅನ್ನಿಸಿಕೊಳ್ಳಿ. ಆಮೇಲೆ ಪ್ರಶ್ನೆ ಅರ್ಧ ಮಾಡಿಕೊಡಲು, ಪರಿಸರ ಅಧ್ಯಯನದಲ್ಲಿ ಕಾಗುಣಿತದ ತಪ್ಪಿಗೆ ಅಂಕ ಕಳೆಯದಿರಲು ಕೇಳಿ. ಎಲ್ಲರೆದುರು ಎಬ್ಬಿಸಿ ಓದಿಸುವುದಾದರೆ ಹಿಂದಿನ ದಿನವೇ ಸಾಲು ಹೇಳಿರಲಿ. ಬೋರ್ಡು ನೋಡಿ ಡೈರಿಗೆ ಇಳಿಸುವುದೂ ಇಂಥ ಮಕ್ಕಳಿಗೆ ದೊಡ್ಡ ಕೆಲಸ, ಅದರ ಬದಲು ಒಂದು ಫೋಟೋ ಕಳಿಸಿದರೆ ಸಾಕು. ಒಪ್ಪದಿದ್ದರೆ ಹೆಡ್‌ಮಾಸ್ಟರಿಗೆ ಪತ್ರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ.

ಹೊಡೆದದ್ದಕ್ಕೆ ಕ್ಷಮೆ ಕೇಳಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ‘ಅವತ್ತು ಹೊಡೆದೆ, ತಪ್ಪಾಯ್ತು ಕಣೋ’ ಅಂದರೆ ಸಾಕು, ‘ಆದರೆ ನೀನೂ…’ ಅಂತ ಬಾಲ ಹಚ್ಚಬೇಡಿ.

ಅತ್ತೆಯ ಜೊತೆ ವಾದಕ್ಕಿಳಿಯುವುದಕ್ಕಿಂತ ಅವರಿಗೊಂದು ಕೆಲಸ ಕೊಡಿ. ಮಗ್ಗಿ ಬಾಯಿಪಾಠ ಅಜ್ಜಿಯ ಹತ್ತಿರವೇ ಆಗಲಿ, ಹೂ ಕಟ್ಟುತ್ತಲೋ ಅವರೆಕಾಯಿ ಬಿಡಿಸುತ್ತಲೋ. ಪುಸ್ತಕವಿಲ್ಲದೆ ಮೊಮ್ಮಗ ಹೇಗೆ ಹೇಳುತ್ತಾನೆ ಅಂತ ಅವರೇ ಕೇಳಲಿ.

ನಿಮ್ಮ ಗಂಡನ ಬಗ್ಗೆ ನನಗೊಂದು ಅನುಮಾನ. ಡಿಸ್ಲೆಕ್ಸಿಯಾ ಮನೆತನದಲ್ಲಿ ಹರಿದುಬರುವುದು ಸಾಮಾನ್ಯ. ಹೋಂವರ್ಕ್ ಮಾತು ಬಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತಾರೆ ಎಂದಿರಿ. ಚಿಕ್ಕಂದಿನಲ್ಲಿ ಅವರೂ ಹೀಗೇ ಏಟು ತಿಂದಿರಬಹುದೇ? ನನ್ನ ಊಹೆ ತಪ್ಪಿರಬಹುದು. ಮಗನೆದುರು ಬೇಡ, ಇಬ್ಬರೇ ಇದ್ದಾಗ ‘ನಿಮಗೆ ಶಾಲೇಲಿ ಹೇಗಿತ್ತು?’ ಅಂತ ಸುಮ್ನೆ ಕೇಳಿ, ಉತ್ತರಕ್ಕೆ ಅವಸರ ಮಾಡಬೇಡಿ. ಹೌದು ಅಂದರೆ ಶನಿವಾರ ಅವರನ್ನೂ ಕರೆದುಕೊಂಡು ಹೋಗಿ.

ಮಿಸ್ ಏನಂದರು ಅಂತ ಬರೆಯಿರಿ. ಬಲಗೈಯಲ್ಲೇ.