ಓದಿದ ಕ್ರೆಡಿಟ್ ಹೊಸ ಕಾಲೇಜಿಗೆ ಬರುತ್ತಾ?

ಪ್ರಶ್ನೆ: ಮೈಸೂರಿನಲ್ಲಿ ಬಿ.ಕಾಂ. ಎರಡು ಸೆಮಿಸ್ಟರ್ ಮುಗಿಸಿದ್ದೇನೆ. ಅಪ್ಪನಿಗೆ ಧಾರವಾಡಕ್ಕೆ ವರ್ಗವಾಗಿದೆ. ಓದಿದ್ದೆಲ್ಲ ನೀರುಪಾಲಾಗುತ್ತಾ ಮೇಡಂ?

ಉತ್ತರ: ಇಲ್ಲಮ್ಮ, ಗಾಬರಿ ಬೇಡ. ಡಿಜಿಲಾಕರ್‌ನಿಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆ ತೆರೆದು ನೋಡು. ಪಾಸಾದ ಪೇಪರಿಗೆ ಸಿಗುವ ಕ್ರೆಡಿಟ್, ಅಂದರೆ ಓದಿನ ಲೆಕ್ಕ, ಜಮಾ ಆಗುವ ಖಾತೆ ಅದು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲಿ ತಂದ ವ್ಯವಸ್ಥೆ. ಜಮಾ ಆದ ಕ್ರೆಡಿಟ್ ಹೆಚ್ಚೆಂದರೆ 7 ವರ್ಷ ಇರುತ್ತದೆ. ಆದರೆ ಜಮಾ ಆಗಿದ್ದೆಲ್ಲ ಹೊಸ ಕಡೆ ಡಿಗ್ರಿ ಲೆಕ್ಕಕ್ಕೆ ಸೇರಲ್ಲ. ಎರಡೂ ಕಡೆಯ ಸಿಲಬಸ್ ಒಂದಕ್ಕೊಂದು ಹೊಂದಬೇಕು, ಅಲ್ವಾ?

ನಾನು ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಬರೀ ಮಾರ್ಕ್ಸ್ ಕಾರ್ಡ್ ಹಿಡಿದು ಬಂದಿದ್ದ. ಸಿಲಬಸ್ ಹಾಳೆ ತಂದಿರಲಿಲ್ಲ. ಪಾಸಾಗಿದ್ದ ಪೇಪರನ್ನೇ ಮತ್ತೆ ಬರೆದ. ಇವತ್ತಿಗೂ ನನಗೆ ಸಂಕಟ ಆಗುತ್ತದೆ.

ಪ್ರತಿ ಪೇಪರಿನ ಸಿಲಬಸ್‌ಗೆ ಕಾಲೇಜಿನ ಸೀಲ್ ಹಾಕಿಸಿಕೋ. ಯಾವುದು ಬಿಟ್ಟುಹೋಗುತ್ತದೆ ಅಂತ ಹೊಸ ವಿಶ್ವವಿದ್ಯಾಲಯದಿಂದ ಬರಹದಲ್ಲೇ ಪಡೆ. ಅಲ್ಲಿಯವರೆಗೂ ಟಿ.ಸಿ. ತಗೋಬೇಡ.